ಮೂಲೆ ಕಪಾಟು ಬಾಗಿಲಲ್ಲಿ ಕೂತ ದಿನ

ಆ ಮನೆಯಲ್ಲಿ ಎಲ್ಲರೂ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಮೈದುನ, ನಾದಿನಿ ಕರೆಯುವುದು ಸರಿ. ಹಾಲಿನವನೂ ಅತ್ತಿಗೆ ಎನ್ನುತ್ತಿದ್ದ, ಕೊನೆಗೆ ಗೋಡೆ ಒಡೆಯಲು ಬಂದ ಮೇಸ್ತ್ರಿಯೂ ಎರಡನೇ ದಿನಕ್ಕೇ ಅತ್ತಿಗೆ ಎಂದು ಶುರು ಹಚ್ಚಿಕೊಂಡ. ನಾವೂ ಹಾಗೇ ಕರೆಯೋಣ.

ಅತ್ತಿಗೆಗೆ ಇಪ್ಪತ್ತೆರಡು ವರ್ಷದಿಂದ ಇದ್ದದ್ದು ಒಂದೇ ಹೊಟ್ಟೆಯುರಿ. ಗಂಡನ ಮನೆಯವರು ನಗುವ ಹೊತ್ತಿಗೆ ಅವಳು ಅಲ್ಲಿ ಇರುತ್ತಿರಲಿಲ್ಲ.

ಆ ಮನೆಯವರ ನಗು ಸಾಮಾನ್ಯದ್ದಲ್ಲ. ಗಂಡ ದರ್ಜಿ, ಮೈದುನ ಬಸ್ ಕಂಡಕ್ಟರ್, ನಾದಿನಿ ಶಾಲೆಯ ಟೀಚರ್. ಮೂವರದೂ ಬೆಳಗಿಂದ ಸಂಜೆವರೆಗೆ ಜನರ ಜೊತೆ ಗುದ್ದಾಡುವ ಕೆಲಸ. ಭಾನುವಾರ ಹಜಾರದಲ್ಲಿ ಸೇರಿದರೆಂದರೆ ವಾರವಿಡೀ ಕಂಡವರನ್ನೆಲ್ಲ ಒಬ್ಬೊಬ್ಬರಾಗಿ ಎಳೆದು ತಂದು ಕುಣಿಸುತ್ತಿದ್ದರು. ಕಂಡಕ್ಟರನ ಹೆಂಡತಿಗೆ ನಕ್ಕರೆ ಬಿಕ್ಕಳಿಕೆ ಬರುತ್ತಿತ್ತು, ಆ ಬಿಕ್ಕಳಿಕೆಗೆ ಉಳಿದವರು ಇನ್ನಷ್ಟು ನಗುತ್ತಿದ್ದರು. ಮುದಿ ಅತ್ತೆಯಂತೂ ಎಲ್ಲರ ಮಾತು ಮುಗಿಯುವವರೆಗೆ ಸುಮ್ಮನಿದ್ದು, ಕೊನೆಗೆ ಒಂದೇ ಒಂದು ಮಾತು ಹಾಕುತ್ತಿದ್ದಳು. ಆಮೇಲೆ ಯಾರಿಗೂ ಉಸಿರು ಸಿಗುತ್ತಿರಲಿಲ್ಲ.

ಅತ್ತಿಗೆ ಮಾತ್ರ ಅಡುಗೆಮನೆಯಲ್ಲಿ. ಅದೂ ಎಂಥ ಅಡುಗೆಮನೆ! ಆರು ಅಡಿಗೆ ಏಳು ಅಡಿ. ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೆ. ಒಲೆಗೆ ಮುಖ ಮಾಡಿದರೆ ಬಾಗಿಲಿಗೆ ಬೆನ್ನು. ಮಿಕ್ಸಿ, ಕುಕ್ಕರು, ನಲ್ಲಿಯ ನೀರು, ಇಷ್ಟರ ಗಲಾಟೆಯಲ್ಲಿ ಹಜಾರದ ಮಾತು ಒಂದೂ ಒಳಗೆ ಬರುತ್ತಿರಲಿಲ್ಲ. ನಗು ಮಾತ್ರ ಬರುತ್ತಿತ್ತು. ಅವಳು ಸೌಟು ಹಿಡಿದೇ ಓಡಿಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು.

"ಏನದು? ನನಗೂ ಹೇಳಿ."

"ಅಯ್ಯೋ, ಬಿಡಿ ಅತ್ತಿಗೆ. ಈಗ ಹೇಳಿದ್ರೆ ಮಜಾ ಇರಲ್ಲ. ನೀವು ಇಲ್ಲೇ ಇರಬೇಕಿತ್ತು."

ಈ ಮಾತನ್ನು ಅವಳು ಎಷ್ಟು ಸಲ ಕೇಳಿದ್ದಳೋ ಲೆಕ್ಕವಿಲ್ಲ. ಹನ್ನೊಂದು ವರ್ಷದ ಹಿಂದೆ ಒಂದು ಭಾನುವಾರ ಕಂಡಕ್ಟರ್ ಬಸ್ಸಿನಲ್ಲಿ ಬಂದ ಒಬ್ಬ ಮುದುಕನ ಕೋಳಿಯ ಕಥೆ ಹೇಳಿದ್ದ. ದರ್ಜಿ ಕುರ್ಚಿಯಿಂದ ಕೆಳಕ್ಕೆ ಜಾರಿ ನೆಲದ ಮೇಲೆ ಕೂತು ನಕ್ಕಿದ್ದ. ಅವಳು ಓಡಿಬಂದಾಗ ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಅಂದಿನಿಂದ ಮನೆಯಲ್ಲಿ ಯಾರಾದರೂ ಕೋಳಿ ಎಂದರೆ ಸಾಕು, ಎಲ್ಲರೂ ಕಿಸಕ್ಕೆನ್ನುತ್ತಿದ್ದರು. ಆ ಕೋಳಿ ಏನು ಮಾಡಿತು ಎಂದು ಅವಳಿಗೆ ಇವತ್ತಿಗೂ ಗೊತ್ತಿರಲಿಲ್ಲ. ಕೇಳಲು ಮರ್ಯಾದೆ ಅಡ್ಡ.

ಅಡುಗೆಮನೆ ದೊಡ್ಡದು ಮಾಡಿಸಬೇಕು ಎಂದು ಅವಳು ಹಟ ಹಿಡಿದದ್ದು ಇದಕ್ಕೆ. ಗ್ರಾನೈಟಿಗಲ್ಲ, ಟೈಲ್ಸಿಗಲ್ಲ, ಹೊಗೆ ಎಳೆಯುವ ಫ್ಯಾನಿಗೂ ಅಲ್ಲ. ಹಿಂದಿನ ಗೋಡೆ ಒಡೆದು ಹತ್ತಡಿ ಮುಂದಕ್ಕೆ ಹೋಗಬೇಕು, ಕಿಟಕಿಯ ಕೆಳಗೆ ಉದ್ದಕ್ಕೂ ಕೂರುವ ಕಟ್ಟೆ ಹಾಕಬೇಕು. ಮೇಸ್ತ್ರಿ ತಲೆ ಕೆರೆದುಕೊಂಡ.

"ಅಡುಗೆಮನೇಲಿ ಯಾರು ಕೂರ್ತಾರೆ ಅತ್ತಿಗೆ? ಆ ಜಾಗದಲ್ಲಿ ಡಬ್ಬ ಇಡೋಕೆ ಕಪಾಟು ಮಾಡಿಕೊಡ್ತೀನಿ."

"ನಾನು ಹೇಳಿದ್ದು ಕಟ್ಟೆ. ಕಿವಿಗೇನು ಸಿಮೆಂಟ್ ಹೋಗಿದ್ಯಾ?"

ಮೇಸ್ತ್ರಿ ಕಟ್ಟೆಯನ್ನೇ ಕಟ್ಟಿದ.

ಒಂದೇ ಒಂದು ವಿಷಯದಲ್ಲಿ ಅವಳು ಸೋತಳು. ಹೊಸ ಭಾಗಕ್ಕೆ ಹಿತ್ತಲ ಕಡೆ ಒಂದು ಬಾಗಿಲು ಬೇಕೆಂದಳು. ದರ್ಜಿ ಒಪ್ಪಲಿಲ್ಲ.

"ಹಜಾರದಿಂದ ಬಾಗಿಲು ಇದೆಯಲ್ಲೇ. ಒಂದು ಅಂಗಿಗೆ ಎಷ್ಟು ಕುತ್ತಿಗೆ ಇಡಿಸ್ತೀಯ?"

ಈ ಮಾತು ಅವನಿಗೆ ಎಷ್ಟು ಹಿಡಿಸಿತೆಂದರೆ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ವಾರಗಟ್ಟಲೆ ಹೇಳಿದ. ಬಾಗಿಲು ಬರಲಿಲ್ಲ, ಸರಳು ಹಾಕಿದ ಕಿಟಕಿ ಮಾತ್ರ ಬಂತು.

ನಾಲ್ಕು ತಿಂಗಳು ಅವಳು ಮುಂಬಾಗಿಲ ಹೊರಗೆ, ಚಪ್ಪಲಿ ಗೂಡಿನ ಪಕ್ಕ ಒಂಟಿ ಒಲೆ ಇಟ್ಟುಕೊಂಡು ಅಡುಗೆ ಮಾಡಿದಳು. ಅನ್ನದಲ್ಲಿ ಧೂಳು, ಹಾಸಿಗೆಯಲ್ಲಿ ಧೂಳು, ಮಾತಾಡಲು ಬಾಯಿ ತೆರೆದರೆ ಹಲ್ಲಿಗೆ ಧೂಳು. ಟೈಲ್ಸ್ ಹಾಕುವವನು ಒಂದು ಸಾಲು ಓರೆ ಹಾಕಿ ಹೋದಾಗ ಅವನ ಹಿಂದೆ ರಸ್ತೆ ತಿರುವಿನವರೆಗೆ ಓಡಿ, ಕಾಲರ್ ಹಿಡಿಯದೆ ಬರೀ ಮಾತಿನಲ್ಲೇ ಎಳೆದುಕೊಂಡು ಬಂದಳು. ಅಂತೂ ಶನಿವಾರ ಕೊನೆಯ ಬಣ್ಣ ಒಣಗಿತು. ಉಳಿದದ್ದು ಬಡಗಿ ತರಬೇಕಾಗಿದ್ದ ಮೂಲೆ ಕಪಾಟು ಒಂದೇ.

ಭಾನುವಾರ ಎಲ್ಲರೂ ಬಂದರು. ಕಂಡಕ್ಟರ್ ಬಾಗಿಲಲ್ಲೇ ಕೂಗಿದ.

"ಒಳಗೆ ಹೋಗಿ, ಒಳಗೆ ಹೋಗಿ! ಒಳಗೆ ಜಾಗ ಖಾಲಿ ಇದೆ!"

ಬಸ್ಸಿನಲ್ಲಿ ಅವನು ದಿನಕ್ಕೆ ನೂರು ಸಲ ಕೂಗುವ ಮಾತು. ಆ ಅಡುಗೆಮನೆಯ ಬಗ್ಗೆ ಮಾತ್ರ ಮೊದಲ ಸಲ ನಿಜವಾಗಿ ಕೂಗಿದ್ದ. ಎಲ್ಲರೂ ಒಳಗೆ ಬಂದು ನಲ್ಲಿ ತಿರುಗಿಸಿದರು, ಗ್ರಾನೈಟಿನ ಮೇಲೆ ಅಂಗೈ ಆಡಿಸಿದರು. ನಾದಿನಿ ಟೀಚರಮ್ಮ ಟೈಲ್ಸಿನ ಸಾಲನ್ನು ಒಂದು ಕಣ್ಣು ಮುಚ್ಚಿ ನೋಡಿ, "ನೇರ ಇದೆ, ಪಾಸು" ಎಂದಳು. ಅತ್ತೆ ಹೊಸ ಕಟ್ಟೆಯ ಮೇಲೆ ಕೂತು ಎರಡು ಸಲ ಪುಟಿದಳು. ಅತ್ತಿಗೆಗೆ ಎದೆ ತುಂಬಿ ಬಂತು. ಚಹಾಕ್ಕೆ ನೀರಿಟ್ಟು, ಸಕ್ಕರೆ ಡಬ್ಬ ತೆಗೆದು ತಿರುಗಿದಳು.

ಯಾರೂ ಇರಲಿಲ್ಲ.

ಹಜಾರದಲ್ಲಿ ಕುರ್ಚಿ ಎಳೆದ ಸದ್ದು. ಇಪ್ಪತ್ತೆರಡು ವರ್ಷದ ಅಭ್ಯಾಸ. ನೋಡುವುದು ಮುಗಿಯಿತು, ಕಾಲು ತಾವಾಗಿಯೇ ಹಜಾರಕ್ಕೆ ಹೋದವು. ಎರಡು ನಿಮಿಷಕ್ಕೆ ನಗುವೂ ಶುರುವಾಯಿತು. ಮೊದಲು ಕಂಡಕ್ಟರ್, ಆಮೇಲೆ ದರ್ಜಿ, ಆಮೇಲೆ ಬಿಕ್ಕಳಿಕೆ.

ಅತ್ತಿಗೆ ಅಷ್ಟು ದೊಡ್ಡ ಅಡುಗೆಮನೆಯ ನಡುವೆ ಸಕ್ಕರೆ ಡಬ್ಬ ಹಿಡಿದು ನಿಂತಿದ್ದಳು. ಮೊದಲಾದರೆ ಜಾಗವಿಲ್ಲ ಎನ್ನಬಹುದಿತ್ತು. ಈಗ ಏನನ್ನುವುದು? ಬನ್ನಿ, ಇಲ್ಲಿ ಕೂತು ನಗಿ ಎಂದು ಕರೆಯಲೇ? ಕೈಹಿಡಿದು ಎಳೆತಂದು ನಗಿಸಿದ ನಗು ಅವಳಿಗೆ ಬೇಕಿರಲಿಲ್ಲ. ಪಿತ್ತ ನೆತ್ತಿಗೇರಿತು. ಚಹಾವನ್ನು ಲೋಟಕ್ಕೆ ಸುರಿದ ರಭಸಕ್ಕೆ ಹೊಸ ಗ್ರಾನೈಟಿನ ಮೇಲೆ ಮೊದಲ ಕಲೆ ಬಿತ್ತು.

ಅಷ್ಟರಲ್ಲಿ ಬಡಗಿ ಬಂದ. ಇಬ್ಬರು ಹಮಾಲಿಗಳ ಕೈಲಿ ಕಪಾಟನ್ನು ಹಜಾರಕ್ಕೆ ಹೊರಿಸಿ ತಂದು ನಿಲ್ಲಿಸಿದ. ಮೂಲೆಯಲ್ಲಿ ಕೂರುವಂಥ ಕಪಾಟು. ಗೋಡೆಗೆ ಒರಗುವ ಎರಡು ಬದಿಯೂ ಅಗಲಕ್ಕೆ ಅಗಲ ಸಮ. ಮುಂಭಾಗ ಮಾತ್ರ ಓರೆಯಾಗಿ ಕತ್ತರಿಸಿದಂತೆ, ಅಲ್ಲೇ ಅದರ ಬಾಗಿಲುಗಳು. ಎತ್ತರ ಹೆಚ್ಚುಕಮ್ಮಿ ಅಡುಗೆಮನೆ ಬಾಗಿಲಿನಷ್ಟೇ.

"ನನಗೆ ಇನ್ನೊಂದು ಕಡೆ ಕಿಟಕಿ ಕೂರಿಸೋದಿದೆ. ನಾಲ್ಕು ಗಂಟೆಗೆ ಬಂದು ಇದನ್ನ ಒಳಗೆ ಕೂರಿಸ್ತೀನಿ. ಅಲ್ಲಿವರೆಗೆ ದಯವಿಟ್ಟು ಯಾರೂ ಮುಟ್ಟಬೇಡಿ" ಎಂದು ಬಡಗಿ ಹೊರಟ.

ಆ ಮನೆಯವರಿಗೆ ಮುಟ್ಟಬೇಡಿ ಎಂದರೆ ಆಯಿತು. ಬಡಗಿ ಗೇಟು ದಾಟುವ ಮೊದಲೇ ದರ್ಜಿ ಕೊರಳಿನ ಟೇಪು ಎಳೆದು ಕಪಾಟಿನ ಅಗಲ ನೋಡಿದ. "ಮೂವತ್ಮೂರು ಇಂಚು. ಬಾಗಿಲು ಎಷ್ಟೇ?"

"ಮೂವತ್ನಾಲ್ಕು" ಎಂದಳು ಅತ್ತಿಗೆ. ಬಾಗಿಲ ಅಳತೆ ತೆಗೆದು ಬಡಗಿಗೆ ಹೇಳಿದ್ದವಳು ಅವಳೇ. ದರ್ಜಿ ಸ್ನಾನಕ್ಕೆ ಹೋದಾಗ ಮೊಳೆಗೆ ನೇತುಹಾಕಿದ್ದ ಟೇಪು ತೆಗೆದು, ಚೌಕಟ್ಟಿನ ಈ ಬದಿಯಿಂದ ಆ ಬದಿಗೆ ಹಿಡಿದು, ಪೆನ್ಸಿಲಿನಲ್ಲಿ ಗೋಡೆಯ ಮೇಲೆ ಬರೆದಿಟ್ಟಿದ್ದಳು.

"ಒಂದಿಂಚು ಸಡಿಲ ಇದೆ. ರವಿಕೆಗೆ ತೋಳು ಹೋದ ಹಾಗೆ ಹೋಗುತ್ತೆ" ಎಂದ ದರ್ಜಿ.

ಎಲ್ಲರೂ ಹಿಂದಿನಿಂದ ತಳ್ಳಿದರು. ಕಪಾಟು ಕದಲಲಿಲ್ಲ. ದರ್ಜಿಗೆ ಹುರುಪು ಹತ್ತಿತ್ತು.

"ತಳ್ಳಿದ್ರೆ ಆಗಲ್ಲ ಇದು, ಎಳೀಬೇಕು. ಎಲ್ಲಾ ಒಳಗೆ ಹೋಗಿ. ನಾನೊಬ್ಬ ಇಲ್ಲಿದ್ದು ದಾರಿ ತೋರಿಸ್ತೀನಿ."

ಬಟ್ಟೆ ಒಣಹಾಕುವ ಹಗ್ಗವನ್ನು ಕಪಾಟಿನ ಸೊಂಟಕ್ಕೆ ಬಿಗಿದರು. ಬಾಗಿಲ ಚೌಕಟ್ಟಿಗೆ ಸೋಪು ತಿಕ್ಕಿದರು. ಕಂಡಕ್ಟರ್, ಅವನ ಹೆಂಡತಿ, ಟೀಚರಮ್ಮ, ಅತ್ತಿಗೆ ಒಳಗೆ ಹೋಗಿ ಹಗ್ಗ ಹಿಡಿದರು. ಬೇಡ ಎಂದರೂ ಕೇಳದೆ ಅತ್ತೆಯೂ ಹಗ್ಗದ ತುದಿ ಹಿಡಿದಳು. ಕಂಡಕ್ಟರ್ ಬಾಯಲ್ಲೇ ಸೀಟಿ ಊದಿ "ರೈಟ್!" ಎಂದ.

ಕಪಾಟಿನ ಓರೆ ಮುಂಭಾಗ ಸರಾಗವಾಗಿ ಒಳಗೆ ಬಂತು. ಎಲ್ಲರಿಗೂ ಉತ್ಸಾಹ ಬಂದು ಇನ್ನೊಂದು ಸಲ ಜೋರಾಗಿ ಎಳೆದರು. ಕರ್‌ರ್ ಎಂದು ಒಂದು ಸದ್ದು. ಬಾಟಲಿಗೆ ಬಿರಡೆ ಹಾಕಿದಂತೆ ಕಪಾಟು ಬಾಗಿಲಲ್ಲಿ ಕೂತಿತು. ಹಗ್ಗ ಜಾರಿ ಐವರೂ ಒಬ್ಬರ ಮೇಲೊಬ್ಬರು ಕಟ್ಟೆಯ ಮೇಲೆ ಬಿದ್ದರು.

"ಬಂತಾ?" ಎಂದು ಆ ಕಡೆಯಿಂದ ದರ್ಜಿಯ ದನಿ ಬಾವಿಯೊಳಗಿಂದ ಬಂದಂತೆ ಬಂತು.

ಕಪಾಟು ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಮೇಲೆ ಬೆರಳು ತೂರುವಷ್ಟು ಸಂದು, ಬದಿಯಲ್ಲಿ ಅದೂ ಇಲ್ಲ. ಬೇರೆ ಬಾಗಿಲೂ ಇಲ್ಲ.

"ನಿಮ್ಮ ಅಳತೆ ಅತ್ತಿಗೆ?" ಎಂದ ಕಂಡಕ್ಟರ್, ಸ್ವಲ್ಪ ಹೆದರುತ್ತಲೇ.

ಅತ್ತಿಗೆ ಕೆಂಡವಾದಳು. "ನನ್ನ ಅಳತೆ ಸರಿ ಇದೆ! ಗೋಡೆ ಮೇಲೆ ಬರೆದಿದೀನಿ ನೋಡು. ಟೇಪು ಹಗ್ಗಕ್ಕೆ ಸಿಕ್ಕಿಕೊಂಡು ಇಲ್ಲೇ ಬಂದಿದೆ. ಬೇಕಾದ್ರೆ ನಿನ್ನ ಕಣ್ಣೆದುರಿಗೇ ಈ ಕಪಾಟು ಅಳೀತೀನಿ."

ಕಪಾಟಿನೊಳಗೆ ಕೈಹಾಕಿ, ಹಿಂದಿನ ಹಲಗೆಯ ಈ ತುದಿಯಿಂದ ಆ ತುದಿಗೆ ಟೇಪು ಹಿಡಿದಳು. ಟೀಚರಮ್ಮ ಬಗ್ಗಿ ಓದಿದಳು. "ಮೂವತ್ತೈದು."

"ಮೂವತ್ತೈದಾ? ನಿಮ್ಮಣ್ಣ ಮೂವತ್ಮೂರು ಅಂದ್ರಲ್ಲ!"

ಟೀಚರಮ್ಮ ಟೇಪಿನ ಇನ್ನೊಂದು ತುದಿಯನ್ನು ಕೈಗೆ ತೆಗೆದುಕೊಂಡು, ಮಗುವಿನ ತಪ್ಪು ಲೆಕ್ಕ ನೋಡುವಂತೆ ನೋಡಿದಳು. ಕಣ್ಣು ಅರಳಿತು.

"ಅತ್ತಿಗೆ, ಈ ಟೇಪಲ್ಲಿ ಒಂದು ಇಲ್ಲ. ಎರಡೂ ಇಲ್ಲ. ಮೂರರಿಂದ ಶುರುವಾಗುತ್ತೆ."

ಎಲ್ಲರೂ ತುದಿ ನೋಡಿದರು. ಯೋಚನೆ ಮಾಡುವಾಗ ಟೇಪಿನ ತುದಿ ಕಚ್ಚುವುದು ದರ್ಜಿಯ ಚಾಳಿ. ಮೊದಲು ತುದಿಯ ತಗಡು ಹೋಗಿತ್ತು, ಆಮೇಲೆ ಒಂದಿಂಚು, ಆಮೇಲೆ ಇನ್ನೊಂದು. ಹೊಸದು ತರುವ ಬದಲು ಅವನು ಅಳೆದಾಗಲೆಲ್ಲ ಮನಸ್ಸಿನಲ್ಲೇ ಎರಡು ಕಳೆಯುತ್ತಿದ್ದ. ಊರಿಗೆಲ್ಲ ಬಟ್ಟೆ ಹೊಲಿದರೂ ಒಂದೂ ತಪ್ಪಿರಲಿಲ್ಲ. ಹೆಂಡತಿಗೆ ಹೇಳಬೇಕೆಂದು ಮಾತ್ರ ಹೊಳೆದಿರಲಿಲ್ಲ. ಕಪಾಟಿಗೆ ಅವನು ಎರಡು ಕಳೆದ, ಬಾಗಿಲಿಗೆ ಅವಳು ಕಳೆಯಲಿಲ್ಲ. ಬಾಗಿಲು ಇದ್ದದ್ದು ಮೂವತ್ತೆರಡು.

"ಅಣ್ಣ ಎರಡಿಂಚು ತಿಂದುಬಿಟ್ಟಿದ್ದಾನೆ!" ಎಂದ ಕಂಡಕ್ಟರ್.

ಅತ್ತೆ ಸೆರಗು ಸರಿಮಾಡಿಕೊಂಡಳು.

"ಹುಟ್ಟಿದಾಗಲೂ ಎರಡಿಂಚು ಕಮ್ಮೀನೇ ಇದ್ದ" ಎಂದಳು. "ಬೆಳೀತಾನೆ ಅಂತ ಸುಮ್ಮನಿದ್ದೆ."

ಕಂಡಕ್ಟರನ ಹೆಂಡತಿಯ ಮೊದಲ ಬಿಕ್ಕಳಿಕೆ ಬಂತು. ಕಂಡಕ್ಟರ್ ಗ್ರಾನೈಟ್ ಗುದ್ದಿದ. ಟೀಚರಮ್ಮ ಕನ್ನಡಕ ತೆಗೆದು ಮುಖ ಮುಚ್ಚಿಕೊಂಡಳು. ಅತ್ತಿಗೆಯ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಹೊಟ್ಟೆಯ ಆಳದಿಂದ ಏನೋ ಗುಳುಗುಳು ಎದ್ದು ಬಂದು, ಬಾಯಿ ಮುಚ್ಚುವ ಮೊದಲೇ ಹೊರಗೆ ಸಿಡಿಯಿತು. ಅವಳು ನಗುತ್ತಿದ್ದಳು. ಎಲ್ಲರ ಜೊತೆಗೆ, ಅದೇ ಹೊತ್ತಿಗೆ, ಅದೇ ಮಾತಿಗೆ.

ಕಪಾಟಿನ ಬೆನ್ನಿಗೆ ಧಬಧಬ ಸದ್ದು. "ಏನಾಯ್ತ್ರೋ? ಯಾಕೆ ನಗ್ತಿದೀರಾ? ಯಾರಾದ್ರೂ ಹೇಳ್ರೋ!"

ಅತ್ತಿಗೆ ಕಣ್ಣೊರೆಸಿಕೊಂಡು, ಕಪಾಟಿನ ಬಾಗಿಲು ತೆರೆದು, ಖಾಲಿ ಅಟ್ಟಣೆಗಳ ನಡುವೆ ತಲೆ ತೂರಿಸಿ, ಫೋನಿನಲ್ಲಿ ಮಾತಾಡುವವಳಂತೆ ಕೂಗಿದಳು.

"ರೀ! ಅಂಗಿಗೆ ಒಂದೇ ಕುತ್ತಿಗೆ ಸಾಕು ಅಂದಿದ್ರಲ್ಲ! ಈಗ ಕುತ್ತಿಗೇಲಿ ತಲೆ ಸಿಕ್ಕಾಕಿಕೊಂಡಿದೆ! ಗುಂಡಿ ಯಾವ ಕಡೆ ಇಟ್ಟಿದೀರಿ, ಬೇಗ ಹೇಳಿ!"

ಹಿಂದೆ ಒಂದು ಸ್ಫೋಟವೇ ಆಯಿತು. ಅತ್ತೆ ಕಟ್ಟೆಯ ಮೇಲೆ ಉರುಳಿಬಿಟ್ಟಳು. ಕಂಡಕ್ಟರ್ ಗೋಡೆ ಹಿಡಿದುಕೊಂಡು ಕುಸಿದು, "ಸಾಕು ಅತ್ತಿಗೆ, ಸತ್ತೆ!" ಎಂದು ಕೈಮುಗಿದ. ಅತ್ತಿಗೆ ಕಪಾಟಿನಿಂದ ತಲೆ ತೆಗೆದು ಅವರನ್ನೆಲ್ಲ ನೋಡಿದಳು. ಹೀಗೆ ಉರುಳಿಸಿದ್ದು ನಾನಾ? ಕಿವಿ ಬಿಸಿಯಾಯಿತು.

"ಏನಂದೆ? ಕೇಳಿಸಲಿಲ್ಲ! ಇನ್ನೊಂದು ಸಲ ಹೇಳೇ!" ಎಂದು ದರ್ಜಿ ಹಲುಬಿದ.

ಅತ್ತಿಗೆ ಮತ್ತೆ ತಲೆ ತೂರಿಸಿದಳು. ಇಪ್ಪತ್ತೆರಡು ವರ್ಷ ಬೇರೆಯವರ ಬಾಯಲ್ಲಿ ಕೇಳಿ ಕಹಿಯಾಗಿದ್ದ ಮಾತು ಈಗ ಅವಳ ನಾಲಿಗೆಯ ಮೇಲೆ ಸಕ್ಕರೆಯಾಗಿತ್ತು.

"ಅಯ್ಯೋ ಬಿಡಿ! ಈಗ ಹೇಳಿದ್ರೆ ಮಜಾ ಇರಲ್ಲ! ನೀವು ಇಲ್ಲೇ ಇರಬೇಕಿತ್ತು!"

ಬಡಗಿಗೆ ಫೋನು ಮಾಡಿದರು. "ಮುಟ್ಟಬೇಡಿ ಅಂದಿರಲಿಲ್ವಾ?" ಎಂದು ಅವನು ಹಲ್ಲು ಕಡಿದ. ನಾಲ್ಕು ಗಂಟೆಯೇ, ಅದಕ್ಕೂ ಮೊದಲಿಲ್ಲ. ಗಂಟೆ ಆಗ ಒಂದು. ಊಟವೆಲ್ಲ ಅಡುಗೆಮನೆಯಲ್ಲೇ ಇತ್ತು, ಉಣ್ಣುವವರೂ ಅಲ್ಲೇ ಇದ್ದರು. ಅತ್ತಿಗೆ ಒಲೆಯ ಮುಂದೆ ನಿಂತು ಬಡಿಸಿದಳು, ಉಳಿದವರು ಮೂರು ಹೆಜ್ಜೆ ದೂರದ ಕಟ್ಟೆಯ ಮೇಲೆ ಸಾಲಾಗಿ ಕೂತು ತಟ್ಟೆ ಒಡ್ಡಿದರು. ಬೆನ್ನು ತಿರುಗಿಸಿದರೂ ಮಾತು ಕೇಳುತ್ತಿತ್ತು. ಅವಳು ಬೇಕೆಂದೇ ಎರಡು ಮೂರು ಸಲ ಬೆನ್ನು ತಿರುಗಿಸಿ ನೋಡಿಕೊಂಡಳು.

ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದಾಗ ಅವಳಿಗೆ ಧೈರ್ಯ ಬಂತು.

"ಲೋ ಕಂಡಕ್ಟರ್. ಆ ಮುದುಕನ ಕೋಳಿ ಏನು ಮಾಡ್ತು?"

"ಯಾವ..." ಎಂದವನು ಅವಳ ಮುಖ ನೋಡಿ ತುತ್ತು ಕೆಳಗಿಟ್ಟ. "ಅಂದ್ರೆ ನಿಮಗೆ ಇನ್ನೂ ಗೊತ್ತಿಲ್ವಾ? ಹನ್ನೊಂದು ವರ್ಷದಿಂದ?"

"ಹೇಳ್ತೀಯೋ, ತಟ್ಟೆ ಕಿತ್ಕೊಳ್ಳಲೋ?"

ಕಂಡಕ್ಟರ್ ಎದ್ದು ನಿಂತ. ಬಸ್ಸಿನ ಕಂಬಿ ಹಿಡಿದವನಂತೆ ಕೈ ಮೇಲೆತ್ತಿದ.

"ಒಬ್ಬ ಮುದುಕ. ಕಂಬಳಿ ಒಳಗೆ ಕೋಳಿ. ಕೋಳಿಗೂ ಟಿಕೆಟ್ ತಗೊಳ್ಳಿ ಅಜ್ಜ ಅಂದೆ. ಯಾವ ಕೋಳಿ? ನನ್ನ ಹತ್ರ ಕೋಳಿ ಇಲ್ಲ ಅಂದ. ಕಂಬಳಿ ಒಳಗಿಂದ ಕೊಕ್ಕೊಕ್ಕೊ ಅಂತು. ಇದೇನಜ್ಜ ಅಂದೆ. ಹೊಟ್ಟೆ ಸರಿ ಇಲ್ಲಪ್ಪ ಅಂದ. ಹೋಗಲಿ ಅಂತ ಮುಂದೆ ಹೋದೆ. ಅಷ್ಟರಲ್ಲಿ ಡ್ರೈವರ್ ಬ್ರೇಕ್ ಹಾಕಿದ. ಅಜ್ಜನ ಸೀಟಿನ ಕೆಳಗಿಂದ ಒಂದು ಮೊಟ್ಟೆ ಉರುಳಿಕೊಂಡು, ಉರುಳಿಕೊಂಡು, ನನ್ನ ಬೂಟಿಗೆ ಬಂದು ನಿಂತಿತು. ಬಿಸಿ ಬಿಸಿ ಇದೆ! ಯಾರದ್ರೀ ಮೊಟ್ಟೆ ಅಂದೆ. ಮುದುಕನಿಗೆ ಮೊಟ್ಟೆ ಬಿಡೋಕೆ ಮನಸ್ಸಿಲ್ಲ. ನನ್ನದೇ ಅಂದ. ಹಾಗಾದ್ರೆ ಕೋಳಿ ಎಲ್ಲಿ? ಕೋಳಿ ಇಲ್ಲ. ಕೋಳಿ ಇಲ್ಲದೆ ಮೊಟ್ಟೆ ಹೇಗೆ ಬಂತು ಅಜ್ಜ? ಇಡೀ ಬಸ್ಸು ಅವನನ್ನೇ ನೋಡ್ತಿದೆ. ಮುದುಕ ಯೋಚನೆ ಮಾಡಿದ, ಯೋಚನೆ ಮಾಡಿದ. ಎದೆ ಸೆಟೆಸಿ ಎದ್ದು ನಿಂತು ಹೇಳಿದ: ನಾನೇ ಇಟ್ಟೆ!"

ಅತ್ತಿಗೆ ನೆಲದ ಮೇಲೆ ಕೂತುಬಿಟ್ಟಳು. ಹೊಸ ಟೈಲ್ಸ್ ತಣ್ಣಗಿತ್ತು. ಹನ್ನೊಂದು ವರ್ಷ ಕಾದ ನಗು ಒಂದೇ ಸಲಕ್ಕೆ ಮುಗಿಯುವಂಥದ್ದಲ್ಲ. ನಿಲ್ಲುತ್ತಿತ್ತು, "ಬಿಸಿ ಬಿಸಿ" ಎಂದು ಟೀಚರಮ್ಮ ಅಂದರೆ ಮತ್ತೆ ಏಳುತ್ತಿತ್ತು.

ಆಗ ಕಿಟಕಿಯ ಹೊರಗೆ ಏನೋ ಉರುಳಿದ ಸದ್ದು. ಹಿತ್ತಲ ನೆಲ ತಗ್ಗು, ಕಿಟಕಿ ಎತ್ತರ. ಮೊದಲು ಸರಳಿಗೆ ಹತ್ತು ಬೆರಳು ಬಂದವು, ಆಮೇಲೆ ತಲೆ, ಆಮೇಲೆ ಹಸಿದ ಎರಡು ಕಣ್ಣು. ಮೇಸ್ತ್ರಿ ಬಿಟ್ಟುಹೋದ ಸಿಮೆಂಟ್ ಬಕೆಟ್ಟನ್ನು ಬೋರಲು ಹಾಕಿಕೊಂಡು ದರ್ಜಿ ಹತ್ತಿ ನಿಂತಿದ್ದ.

"ಒಳಗೆ ಜಾಗ ಖಾಲಿ ಇದೆ ಅಣ್ಣ, ಮುಂದೆ ಬಾ!" ಎಂದ ಕಂಡಕ್ಟರ್.

ದರ್ಜಿ ಅವನ ಕಡೆ ನೋಡಲಿಲ್ಲ. "ಇವಳೇ, ಅರ್ಧ ಗಂಟೆಯಿಂದ ಹಜಾರದಲ್ಲಿ ಒಬ್ಬನೇ ಕೂತಿದೀನಿ. ನಿಮ್ಮ ನಗು ಕೇಳಿ ಕೇಳಿ ಹುಚ್ಚು ಹಿಡೀತಿದೆ. ಒಂದು ಮಾತೂ ಕೇಳಿಸಲ್ಲ. ಹೀಗೂ ಇರುತ್ತಾ?"

"ಹೀಗೇ ಇರುತ್ತೆ" ಎಂದಳು ಅತ್ತಿಗೆ.

ಅವನು ಅವಳನ್ನೇ ನೋಡಿದ. ಏನೋ ಲೆಕ್ಕ ಹಾಕುತ್ತಿರುವಂತೆ ಕಂಡಿತು. ಟೇಪು ಕೊರಳಲ್ಲಿದ್ದಿದ್ದರೆ ತುದಿ ಕಚ್ಚುತ್ತಿದ್ದ.

"ಇಲ್ಲೊಂದು ಬಾಗಿಲು ಇಡಿಸ್ತೀನಿ ತಾಯಿ" ಎಂದ. "ನಾಳೆನೇ ಮೇಸ್ತ್ರಿಗೆ ಹೇಳ್ತೀನಿ. ಆ ಹಜಾರದ ಕುರ್ಚಿಗಳನ್ನೂ ಒಳಗೇ ಹಾಕಿಸ್ತೀನಿ. ಈಗ ತಿನ್ನೋಕೆ ಏನಾದ್ರೂ ಕೊಡು."

ತಟ್ಟೆ ಸರಳಿನ ನಡುವೆ ತೂರುವಂತಿರಲಿಲ್ಲ. ಅತ್ತಿಗೆ ಸುಲಿದ ಮೊಟ್ಟೆಯೊಂದನ್ನು ತೆಗೆದು ಅವನ ಅಂಗೈಯಲ್ಲಿಟ್ಟಳು. ಆಗಷ್ಟೇ ಬಿಸಿನೀರಿನಿಂದ ತೆಗೆದು ಸುಲಿದದ್ದು. ದರ್ಜಿ ಅದನ್ನು ಈ ಕೈಯಿಂದ ಆ ಕೈಗೆ ಹಾರಿಸಿಕೊಂಡ.

"ಅಬ್ಬಬ್ಬ, ಇಷ್ಟು ಬಿಸಿ ಮೊಟ್ಟೆ ಎಲ್ಲಿಂದ ಬಂತೇ?"

ಹಿಂದೆ ಕಟ್ಟೆಯ ಮೇಲೆ ನಾಲ್ವರೂ ಉಸಿರು ಬಿಗಿಹಿಡಿದರು. ಅತ್ತಿಗೆ ಎದೆ ಸೆಟೆಸಿದಳು.

"ನಾನೇ ಇಟ್ಟೆ."

ದರ್ಜಿ ಮೊಟ್ಟೆ ನೋಡಿದ. ಅವಳ ಮುಖ ನೋಡಿದ. ಮೊದಲು ಮೀಸೆ ಅಲುಗಿತು, ಆಮೇಲೆ ಭುಜ, ಆಮೇಲೆ ಬಕೆಟ್ಟು. ಕಿಟಕಿಯಿಂದ ಕಣ್ಣು ಮರೆಯಾಯಿತು, ತಲೆ ಮರೆಯಾಯಿತು, ಮೊಟ್ಟೆ ಹಿಡಿದ ಕೈಯೂ ಮರೆಯಾಯಿತು. ಕೆಳಗೆ ಹಿತ್ತಲ ಮಣ್ಣಿನಲ್ಲಿ ಬೆನ್ನು ಕೊಟ್ಟು ಬಿದ್ದು, ಮೊಟ್ಟೆಯನ್ನು ಮಾತ್ರ ಮೇಲೆತ್ತಿ ಹಿಡಿದು, ಕಾಲು ಬಡಿಯುತ್ತಾ ಅವನು ನಕ್ಕ ನಗು ಅಡುಗೆಮನೆಯೊಳಗೆ ಸ್ಪಷ್ಟವಾಗಿ ಕೇಳಿಸಿತು.

ನಾಲ್ಕಕ್ಕೆ ಸರಿಯಾಗಿ ಬಡಗಿ ಬಂದು, ಕಪಾಟಿನ ಬೆನ್ನಿಗೆ ಬಾಯಿ ಇಟ್ಟು ಕೂಗಿದ.

"ಒಂದು ಬದಿ ಬಿಚ್ಚಿದ್ರೆ ಆಯ್ತು ಅತ್ತಿಗೆ, ಹತ್ತು ನಿಮಿಷದ ಕೆಲಸ. ಶುರು ಮಾಡ್ಲಾ?"

"ಒಂದು ಗಂಟೆ ತಡೀರಿ!" ಎಂದು ಅತ್ತಿಗೆ ಒಳಗಿನಿಂದ ಕೂಗಿದಳು. "ಟೀಚರಮ್ಮ ಈಗಷ್ಟೇ ಶುರು ಮಾಡಿದ್ದಾಳೆ!"